ಹದಿನಾಲ್ಕು ಖಾಲಿ ಪುಟ

ಈ ಜನವರಿಯಲ್ಲಿ ಬಾಳೆಲೆಗೆ ಹೋಗಬೇಕಾಯಿತು. ಕುಶಾಲನಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಕರಪತ್ರ, ಸಂಘಗಳ ವರದಿ, ಇಂಥವು. ಬಾಳೆಲೆಯ ಒಬ್ಬರು ಮಗಳ ಮದುವೆ ಕಾಗದದ ಕರಡನ್ನು ಮೊಬೈಲಿನಲ್ಲಿ ನೋಡಲು ಒಪ್ಪದೆ ಕೈಯಲ್ಲಿ ಹಿಡಿದೇ ನೋಡಬೇಕು ಎಂದಿದ್ದರು. ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತೆ. ಊರು ಹತ್ತಿರವಾದಂತೆ ಕಣಗಳಲ್ಲಿ ಹರವಿದ ಕಾಫಿ ಹಣ್ಣಿನ ವಾಸನೆ ಒಳಗೆ ಬಂತು. ಅರ್ಧ ಒಣಗಿದ ಹಣ್ಣಿಗೆ ಒಂದು ಹುಳಿ ಇರುತ್ತದೆ, ಸ್ವಲ್ಪ ಸಿಹಿ, ಸ್ವಲ್ಪ ಕೊಳೆತ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದರಿಂದ ಒಂದು ಕಾದಂಬರಿ ನೆನಪಾಗುತ್ತದೆ. ಬರೆದವಳು ನಾನಲ್ಲ. ಟೈಪ್ ಮಾಡಿದವಳು.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ನಾಲ್ಕು. ಗೋಣಿಕೊಪ್ಪದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದೆ. ಬಾಳೆಲೆಯ ತೋಟದ ಮಾಲೀಕರು, ಬೋಪಣ್ಣ ಎಂಬವರು, ನಮ್ಮ ಓನರಿಗೆ ಫೋನ್ ಮಾಡಿ, ತಮ್ಮ ಹಳೆಯ ಟೀಚರ್ ಒಬ್ಬರ ಪುಸ್ತಕ ಟೈಪ್ ಮಾಡಲು ನಾಲ್ಕು ತಿಂಗಳಿಗೆ ಒಬ್ಬ ಹುಡುಗಿ ಬೇಕು, ಉಳಿದುಕೊಳ್ಳಲು ಜಾಗವಿದೆ ಎಂದರು. ಹೀಗೆ ನವೆಂಬರಿನಲ್ಲಿ ಒಂದು ಲ್ಯಾಪ್‌ಟಾಪ್ ಮತ್ತು ಎರಡು ಜೊತೆ ಬಟ್ಟೆ ತೆಗೆದುಕೊಂಡು ಜಾನಕಿ ಟೀಚರ ಮನೆಗೆ ಹೋದೆ.

ಟೀಚರಿಗೆ ಎಪ್ಪತ್ತಾರು. ಮೂಲ ಭಾಗಮಂಡಲದ ಕಡೆಯವರು, ಮನೆಮಾತು ಅರೆಭಾಷೆ. ಬಾಳೆಲೆಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ಅಲ್ಲೇ ನಿಂತುಬಿಟ್ಟಿದ್ದರು. ಮದುವೆ ಆಗಿರಲಿಲ್ಲ. ಬೋಪಣ್ಣನವರು ತೋಟದೊಳಗಿನ ಹಳೆಯ ರೈಟರ್ ಕ್ವಾರ್ಟರ್ಸನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಯಾರೋ ಟೀಚರನ್ನು ‘ದೊಡ್ಡ ರೈಟರ್’ ಎಂದು ಪರಿಚಯ ಮಾಡಿಕೊಟ್ಟ ಮೇಲೆ ಲೈನಿನ, ಎಂದರೆ ತೋಟದ ಕೂಲಿಮನೆಗಳ, ಹೊಸ ಆಳುಗಳು ಬೆಳಿಗ್ಗೆ ಬಂದು ತಮ್ಮ ಹೆಸರು ಬರೆದುಕೊಳ್ಳಿ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಟೀಚರ್ ಬರೆದುಕೊಂಡು ಕಳಿಸುತ್ತಿದ್ದರಂತೆ.

ಅವರ ಕಣ್ಣಿನ ನಡುಭಾಗ ಹೋಗಿತ್ತು, ಅಂಚು ಮಾತ್ರ ಉಳಿದಿತ್ತು. ನಮ್ಮ ಮುಖ ನೋಡಬೇಕೆಂದರೆ ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಮೊದಲ ವಾರ ನನಗಿದು ತಿಳಿಯದೆ, ನನ್ನ ಮಾತು ಅವರಿಗೆ ಹಿಡಿಸುತ್ತಿಲ್ಲ ಅಂದುಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಮೂರು ಕಾದಂಬರಿ ಬರೆಯುತ್ತೇನೆ ಎಂದಿದ್ದವರು ಎರಡನ್ನು ಮುಗಿಸಿದ್ದರು. ಮೊದಲನೆಯದರಲ್ಲಿ ಯಾರಿಗೂ ಹೆಸರಿಲ್ಲ, ಮುಖವಿಲ್ಲ, ಕೈಗಳು ಮಾಡುವ ಕೆಲಸ ಮಾತ್ರ ಇದೆ. ಎರಡನೆಯದು ಮೊದಲಿಂದ ಕೊನೆಯವರೆಗೂ ಬರೀ ಪ್ರಶ್ನೆ. ಓದಿದವರು ಕಡಿಮೆ, ಓದಿದವರು ಬಿಡದೆ ಮಾತಾಡುತ್ತಿದ್ದರು. ನಾನು ಹೋಗುವ ಮುಂಚೆ ಎರಡನೆಯದನ್ನು ತರಿಸಿ ನಲವತ್ತು ಪುಟ ಓದಿ ಇಟ್ಟಿದ್ದೆ. ಅವರು ಕೇಳಿದಾಗ ಅದನ್ನೇ ಹೇಳಿದೆ.

“ನಲವತ್ತು ಹೆಚ್ಚೇ ಆಯ್ತು” ಎಂದರು.

ಈಗಿನದು ಮೂರನೆಯದು, ಕೊನೆಯದು. “ಇದ್ರಲ್ಲಿ ನನ್ನ ಒಂದು ವಾಕ್ಯವೂ ಇರಬಾರದು” ಎಂದು ಮೊದಲ ದಿನವೇ ಹೇಳಿದರು. “ಎಲ್ಲ ಬೇರೆಯವರು ಹೇಳಿದ್ದು. ಜೋಡಿಸೋದು ಮಾತ್ರ ನಾನು.”

ಆ ಮಾತುಗಳನ್ನೆಲ್ಲ ಹಳೆಯ ಕ್ಯಾಲೆಂಡರುಗಳ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ, ಒಂದು ಅಂಗುಲದ ಅಕ್ಷರದಲ್ಲಿ ಬರೆದಿಟ್ಟಿದ್ದರು. ನಾನು ಒಂದೊಂದನ್ನೇ ಓದಬೇಕು, ಅವರು ಇದು ಅದರ ಮುಂದೆ, ಅದು ಇದರ ಕೆಳಗೆ ಎಂದು ಹೇಳಬೇಕು, ನಾನು ಟೈಪ್ ಮಾಡಿ ಮತ್ತೆ ಓದಬೇಕು. ಅವರಿಗೆ ಇನ್ನೊಂದು ನಿಯಮವಿತ್ತು. ಯಾರ ಮಾತು ಹಾಕಿದರೂ ಅವರನ್ನು ಕೇಳಿಯೇ ಹಾಕುವುದು. ಸತ್ತವರದಾದರೆ ಮನೆಯವರನ್ನು ಹುಡುಕಿ ಫೋನ್ ಮಾಡಿಸುತ್ತಿದ್ದರು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಅಡುಗೆಗೆ ಬರುತ್ತಿದ್ದ ಲೈನಿನ ಸೆಲ್ವಿಯ ಮಾತೂ ಒಂದೆಡೆ ಇತ್ತು. ಕಾಡಾನೆ ಬಂದ ದಿನ ಅವಳು ಆನೆಗೆ ಹೇಳಿದ ಬುದ್ಧಿವಾದ. ಅದನ್ನು ಹಾಕಲೇ ಎಂದು ಟೀಚರ್ ಕೇಳಿದಾಗ ಸೆಲ್ವಿ ಯೋಚಿಸಿ, “ಹಾಕಿ ಟೀಚರಮ್ಮ, ಆದ್ರೆ ನನ್ ಪೇರು ಹಾಕ್‌ಬೇಕು. ಗಂಡನ್ ಪೇರು ಬೇಡ” ಎಂದಳು. ಹಾಗೇ, ಅವಳ ಹೆಸರಿನಲ್ಲೇ ಹಾಕಿದೆವು.

ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಶುರು. ಆಗ ಹೊರಗೆ ಮಂಜು ಬಿಟ್ಟಿರುತ್ತಿರಲಿಲ್ಲ. ಕಾಫಿ ಹಣ್ಣಿನ ಪಿಕಿಂಗಿಗೆ ಹೋಗುವ ಹೆಂಗಸರ ಮಾತು ಕೇಳಿಸುತ್ತಿತ್ತೇ ಹೊರತು ಜನ ಕಾಣುತ್ತಿರಲಿಲ್ಲ. ಹನ್ನೊಂದಕ್ಕೆ ಬಿಸಿಲು ಬಂದು ಕಣದ ಹಣ್ಣು ಕಾಯಲು ತೊಡಗುತ್ತಿತ್ತು. ಮಧ್ಯಾಹ್ನ ಸೆಲ್ವಿ ಅನ್ನ ಸಾರು ಇಟ್ಟು ಹೋಗುವಳು. ಸಂಜೆ ನಾಲ್ಕಕ್ಕೆ ಟೀಚರ ಕಣ್ಣು ಪೂರ್ತಿ ಸೋಲುತ್ತಿತ್ತು, ಅಲ್ಲಿಗೆ ಮುಗಿಯಿತು. ಶನಿವಾರ ನಾನು ಊರಿಗೆ ಹೋಗಿ ಸೋಮವಾರ ಬರುತ್ತಿದ್ದೆ. ನಮ್ಮದು ಹಾರಂಗಿ ಹತ್ತಿರದ ಹಳ್ಳಿ. ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನಿಂತವರು. ಗದ್ದೆ, ಸ್ವಲ್ಪ ಶುಂಠಿ, ಎರಡು ಹಸು.

ಕ್ರಿಸ್ಮಸ್ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿಯಿತು. ಇಬ್ಬರೂ ಮೆಟ್ಟಿಲಲ್ಲಿ ಬಿಸಿಲಿಗೆ ಕೂತೆವು. ಟೀಚರ್ ಗೋಡೆಯ ಕಡೆ ತಿರುಗಿ, ಎಂದರೆ ನನ್ನನ್ನು ನೋಡುತ್ತ, “ನಿನ್ನ ಅಮ್ಮ ಎಂತ ಮಾತಾಡ್ತಾರೆ?” ಎಂದರು.

“ಅವ್ವ ಮಾತಾಡೋದೇ ಕಮ್ಮಿ ಟೀಚರ್.”

“ಮಾತಾಡಿದ್ದು ಒಂದಾದ್ರೂ ಇರ್ತದಲ್ಲ?”

ಒಂದಿತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ, ಒಂದು ಸಂಬಂಧವನ್ನು ನಾನು ಬೇಡವೆಂದು ಮನೆಯಲ್ಲಿ ಜಗಳವಾದ ವಾರ, ಶುಂಠಿ ಪಾತಿಯಲ್ಲಿ ಕಳೆ ಕೀಳುತ್ತ ಅವ್ವ ತಲೆ ಎತ್ತದೆ ಹೇಳಿದ್ದಳು. ನನಗೆ ಎಂಟು ವರ್ಷವಿದ್ದಾಗ ಅವಳು ಒಂದು ದಿನ ಮನೆ ಬಿಟ್ಟು ಹೋಗಿದ್ದಳು. ಜಗಳವಿಲ್ಲ, ಹೊಡೆತವಿಲ್ಲ. ಸಾಕಾಗಿತ್ತು, ಅಷ್ಟೇ ಎಂದಳು. ಕಣ್ಣೂರಿನಲ್ಲಿ ಕೆಲಸಕ್ಕಿದ್ದ ಒಬ್ಬ ಗೆಳತಿ ಬಾ ಎಂದಿದ್ದಳಂತೆ. ವಿರಾಜಪೇಟೆ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಎಂದು ಅಪ್ಪನಿಗೆ ಹೇಳಿ, ಎರಡು ಸೀರೆ ಚೀಲದಲ್ಲಿ ಹಾಕಿಕೊಂಡು, ವಿರಾಜಪೇಟೆಯಿಂದ ಕೇರಳದ ಬಸ್ಸು ಹತ್ತಿದಳು. ಗಡಿಯಲ್ಲಿ, ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಆಚೆ ಕಡೆ ಅವತ್ತು ಬಂದ್ ಇತ್ತು. ಕಾಡಿನ ನಡುವೆ, ಒಂದು ಟೀ ಅಂಗಡಿಯ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ವಾಪಸ್ಸು ಬಂದಳು. ಡಾಕ್ಟರ್ ಏನೆಂದರು ಎಂದು ಅಪ್ಪ ಕೇಳಿದ್ದಕ್ಕೆ ಏನಿಲ್ಲವಂತೆ ಎಂದಳು. ಯಾರಿಗೂ ಗೊತ್ತಿಲ್ಲ. ನನಗೊಬ್ಬಳಿಗೆ ಹೇಳಿದ್ದು.

ಇಷ್ಟನ್ನೂ ಟೀಚರಿಗೆ ಹೇಳಿದೆ. ಯಾಕೆ ಹೇಳಿದೆನೋ. ಅವ್ವನ ವಿಷಯ ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

“ಯಾಕೆ ವಾಪಸ್ಸು ಬಂದ್ರು?”

“ನನ್ನ ನೆನಪಾಯ್ತಂತೆ” ಎಂದೆ.

ಟೀಚರ್ ಮೂರು ಸಲ ಹೇಳಿಸಿದರು. ಅವ್ವ ಹೇಗೆ ಹೇಳಿದಳೋ ಹಾಗೆ, ಅವಳ ಮಾತಿನಲ್ಲೇ. ಆಮೇಲೆ ಒಂದು ವಾರ ಅದರ ಸುದ್ದಿ ಇಲ್ಲ. ಒಂದು ಬೆಳಿಗ್ಗೆ ಕ್ಯಾಲೆಂಡರು ಬೇಡ ಎಂದು ಬದಿಗಿಡಿಸಿ, ನೇರವಾಗಿ ಹೇಳಿ ಬರೆಸತೊಡಗಿದರು. ತಮ್ಮ ಒಂದು ವಾಕ್ಯವೂ ಬೇಡ ಎಂದಿದ್ದವರು ಎಂಟು ದಿನ ಬರೆಸಿದರು. ಹದಿನಾಲ್ಕು ಪುಟವಾಯಿತು. ಅದು ಕಾದಂಬರಿಯ ಕೊನೆಯ ಅಧ್ಯಾಯ.

ಹೆಸರಿರಲಿಲ್ಲ. ಆದರೆ ಶುಂಠಿ ಪಾತಿ ಇತ್ತು, ಹಾರಂಗಿ ಕಾಲುವೆ ಇತ್ತು, ವಿರಾಜಪೇಟೆ ಆಸ್ಪತ್ರೆ ಎಂಬ ಸುಳ್ಳು ಇತ್ತು. ಅವ್ವನ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮೂಗಿನಲ್ಲಿ ಹ್ಞೂಂ ಎನ್ನುತ್ತಾಳೆ, ಅದೂ ಇತ್ತು. ಟೀಚರ್ ಅವಳನ್ನು ಒಂದು ಸಲವೂ ನೋಡಿದವರಲ್ಲ. ಅಧ್ಯಾಯದ ಕೊನೆಗೆ ಟೀ ಅಂಗಡಿಯ ಮುಂದೆ ಕೂತ ಆ ಹೆಂಗಸು ಮಗಳ ಶಾಲೆಯ ಲಂಗದ ಬಿಚ್ಚಿಹೋದ ಅಂಚು ನೆನಪಾಗಿ ಏಳುತ್ತಾಳೆ. ಹಿಂದಿನ ಇನ್ನೂರು ಪುಟಗಳಲ್ಲಿ ಯಾರು ಯಾರೋ ಆಡಿದ ಮಾತೆಲ್ಲ ಬಂದು ಆ ಲಂಗದ ಅಂಚಿಗೆ ಸೇರುತ್ತಿತ್ತು. ಸಾಹಿತ್ಯ ನನಗೆ ಗೊತ್ತಿಲ್ಲ. ಟೈಪ್ ಮಾಡುವಾಗ ಸಾಮಾನ್ಯವಾಗಿ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ಆ ಎಂಟು ದಿನ ಎರಡೂ ಕಂಡವು.

“ಅಮ್ಮನಿಗೆ ಓದಿ ಹೇಳಿ ಬಾ” ಎಂದರು ಟೀಚರ್. “ಅವರು ಹ್ಞೂಂ ಅಂದ್ರೆ ಪುಸ್ತಕ ಮುಗೀತು.”

ಪ್ರಿಂಟ್ ತೆಗೆದುಕೊಂಡು ಶನಿವಾರ ಮನೆಗೆ ಹೋದೆ. ಅಪ್ಪ ಜಗಲಿಯಲ್ಲಿದ್ದ. ಮಗಳು ಪುಸ್ತಕ ಮಾಡುತ್ತಿದ್ದಾಳೆ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಟೈಪ್ ಮಾಡುವುದಕ್ಕೂ ಬರೆಯುವುದಕ್ಕೂ ಅವನಿಗೆ ದೊಡ್ಡ ವ್ಯತ್ಯಾಸ ಕಾಣುತ್ತಿರಲಿಲ್ಲ.

“ಪುಸ್ತಕ ಬರ್ಲಿ, ಹಾಲಿನ ಡೈರಿ ಹತ್ರ ಕೂತ್ಕಂಡು ಎಲ್ರಿಗೂ ನಾನೇ ಓದಿ ಹೇಳ್ತೀನಿ” ಎಂದ. “ಮೊದ್ಲಿಂದ ಕೊನೆ ಗಂಟ.”

ಅವ್ವ ಅವನಿಗೆ ಕಾಫಿ ಲೋಟ ಕೊಟ್ಟು, ನನಗೂ ಕೊಟ್ಟು, ಕೊಟ್ಟಿಗೆಗೆ ಹೋದಳು. ಪ್ರಿಂಟ್ ನನ್ನ ಬ್ಯಾಗಿನಲ್ಲೇ ಉಳಿಯಿತು. ಭಾನುವಾರ ಇಡೀ ಅವಳ ಹಿಂದೆ ಮುಂದೆ ಓಡಾಡಿದೆ, ಹೇಳಲಿಲ್ಲ. ಅಪ್ಪ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನು ಡೈರಿಯ ಕಟ್ಟೆಯ ಮೇಲೆ ಕೂತು, ಆಸ್ಪತ್ರೆ ಎಂಬಲ್ಲಿಗೆ ಬಂದು ಓದು ನಿಲ್ಲಿಸುವುದು ನನಗೆ ಕಾಣುತ್ತಿತ್ತು.

ಸೋಮವಾರ ಟೀಚರ ಎದುರು ನಿಂತು, “ಆ ಅಧ್ಯಾಯ ಬೇಡ ಟೀಚರ್” ಎಂದೆ.

“ಅಮ್ಮನ್ನ ಕೇಳಿದ್ಯಾ?”

“ಕೇಳ್ದೆ.”

“ಬೇಡ ಅಂದ್ರಾ?”

“ಬೇಡ ಅಂದ್ರು.”

ಅವರು ಬಹಳ ಹೊತ್ತು ಗೋಡೆಯ ಕಡೆ ತಿರುಗಿಕೊಂಡಿದ್ದರು. ಸಿಟ್ಟು ಬರುತ್ತದೆ ಎಂದು ನಾನು ಕಾದೆ. “ಈ ಪುಸ್ತಕ ಎಲ್ಲಿಗೆ ಹೋಗ್ತಾ ಇತ್ತೋ ಅಲ್ಲಿ ಈಗ ಒಂದು ಗುಂಡಿ ಉಟ್ಟು” ಎಂದರು ಕೊನೆಗೆ. ಉಟ್ಟು ಎಂದರೆ ಇದೆ; ಮನೆಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ, “ತೆಗಿ” ಎಂದರು.

ಅಳಿಸಿದೆ. ಪೆನ್‌ಡ್ರೈವಿನಲ್ಲಿದ್ದದ್ದನ್ನೂ ಅಳಿಸಿದೆ. ಪ್ರಿಂಟನ್ನು ಸೆಲ್ವಿ ನೀರೊಲೆಗೆ ಹಾಕಿದಳು. ಒಂದೊಂದು ಆದ ಮೇಲೂ ಟೀಚರ್ “ಹೋಯ್ತಾ?” ಎಂದು ಕೇಳಿ “ಹೋಯ್ತು” ಎಂದು ನನ್ನಿಂದ ಹೇಳಿಸಿಕೊಂಡರು. ಬೇರೆ ಕೊನೆ ಬರೆಯಲಿಲ್ಲ. “ಜಾಗ ಮುಚ್ಚಬೇಡ. ಹದಿನಾಲ್ಕು ಪುಟ ಹಾಗೇ ಇರ್ಲಿ. ಪುಟದ ಅಂಕಿ ಮಾತ್ರ ಹಾಕು” ಎಂದರು. ಪ್ರಕಾಶಕರು ಫೋನಿನಲ್ಲಿ, ಕಾಗದ ದಂಡ, ಓದುಗರು ಬೈಯುತ್ತಾರೆ ಎಂದು ಅರ್ಧ ಗಂಟೆ ವಾದ ಮಾಡಿದರು. ಟೀಚರ್, ಬೈಯಲಿ ಎಂದು ಇಟ್ಟುಬಿಟ್ಟರು. ಮಾರ್ಚಿನಲ್ಲಿ ಮೊದಲ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾದ ವಾರ ನನ್ನ ಕೆಲಸ ಮುಗಿಯಿತು. ಗೋಣಿಕೊಪ್ಪಕ್ಕೆ ವಾಪಸ್ಸು ಬಂದೆ.

ಪುಸ್ತಕ ಹೊರಬಂದ ಮೇಲೆ ಆ ಖಾಲಿ ಪುಟಗಳೇ ಹೆಸರಾದವು. ಮಡಿಕೇರಿಯಲ್ಲಿ ಒಂದು ಕಾರ್ಯಕ್ರಮವಾಯಿತು. ಟೀಚರನ್ನು ಕೈಹಿಡಿದು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿ ಪಕ್ಕ ಕೂತೆ. ಒಬ್ಬ ಪ್ರಾಧ್ಯಾಪಕರು ಮೈಕಿನ ಮುಂದೆ ನಿಂತು, ಈ ಹದಿನಾಲ್ಕು ಪುಟಗಳು ಹದಿನಾಲ್ಕು ಲೋಕಗಳು, ಮಾತಿನಿಂದ ಶುರುವಾದ ಟ್ರಿಲಜಿ ಮೌನದಲ್ಲಿ ಮುಕ್ತಾಯವಾಗುತ್ತದೆ, ಲೇಖಕಿ ಭಾಷೆಯನ್ನೇ ತ್ಯಜಿಸಿದ್ದಾರೆ ಎಂದು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ಟೀಚರ್ ಮುಖವನ್ನು ಪೂರ್ತಿ ಆಚೆ ಬದಿಗೆ ತಿರುಗಿಸಿದರು. ಅವರು ನನ್ನನ್ನೇ ನೋಡುತ್ತಿದ್ದಾರೆ ಎಂದು ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ತಲೆ ತಗ್ಗಿಸಿ ಚಪ್ಪಾಳೆ ತಟ್ಟಿದೆ.

ಅಪ್ಪ ಹೇಳಿದಂತೆ ಡೈರಿ ಹತ್ತಿರ ಓದಿದ, ದಿನಕ್ಕೆ ಎರಡು ಪುಟ. ಸೆಲ್ವಿ ಆನೆಗೆ ಬುದ್ಧಿ ಹೇಳುವುದು ಊರಿನವರಿಗೆ ಬಹಳ ಹಿಡಿಸಿತಂತೆ. ಕೊನೆಗೆ ಖಾಲಿ ಪುಟ ಬಂದಾಗ ಮನೆಗೆ ಬಂದು, “ಪ್ರೆಸ್ಸಿನೋರು ಮೋಸ ಮಾಡವ್ರೆ. ಬೇರೆ ಕಾಪಿ ಇಸ್ಕಂಡು ಬಾ” ಎಂದ. ಎಲ್ಲ ಕಾಪಿಯೂ ಹಾಗೇ ಎಂದರೆ ನಂಬಲಿಲ್ಲ. ಅವ್ವ ಒಳಗಿನಿಂದ ನಗುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಭಾಗಮಂಡಲದ ಕಡೆ ಅವರ ತಮ್ಮನ ಜಮೀನಿನಲ್ಲಿ ಮಣ್ಣು ಮಾಡಿದರು. ನಾನು ಸುಳ್ಳು ಹೇಳಿದ್ದೆ ಎಂದು ಅವರಿಗೆ ತಿಳಿಸುವುದು ಆಗಲೇ ಇಲ್ಲ. ಎರಡು ವರ್ಷದ ಹಿಂದೆ ಅಪ್ಪನೂ ಹೋದ. ನಿದ್ದೆಯಲ್ಲಿ, ನೋವಿಲ್ಲದೆ.

ಈ ಜನವರಿ ಮದುವೆ ಕಾಗದದ ಕೆಲಸ ಬೇಗ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ತೋಟದ ಕಡೆ ನಡೆದೆ. ರೈಟರ್ ಕ್ವಾರ್ಟರ್ಸಿನಲ್ಲಿ ಈಗ ಗೊಬ್ಬರದ ಚೀಲ ತುಂಬಿದ್ದಾರೆ. ಸೆಲ್ವಿ ಕಣದಲ್ಲಿ ಹಣ್ಣು ಕೈಯಾಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಗುರುತು ಹಿಡಿದು, ಗೋರೆ ಗೋಡೆಗೆ ಒರಗಿಸಿ ಬಂದಳು. ಅದೂ ಇದೂ ಮಾತಾದ ಮೇಲೆ ಅವಳೇ ತೆಗೆದಳು.

“ನೀವು ಅಮ್ಮನ್ ಕೇಳಿಲ್ಲ, ಅಲ್ವಾ?”

ನಾನು ಕಣದ ಅಂಚಿಗೆ ಬಿದ್ದ ಒಂದು ಹಣ್ಣನ್ನು ಕಾಲಿನಿಂದ ಒಳಗೆ ತಳ್ಳಿದೆ.

“ಟೀಚರಮ್ಮಂಗೆ ಅವತ್ತೇ ಗೊತ್ತಿತ್ತು. ನೀವ್ ಆ ಕಡೆ ಹೋದ್ಮೇಲೆ ನಂಗೆ ಹೇಳಿದ್ರು. ಅಮ್ಮ ಬೇಡ ಅಂದ್ರು ಅಂತಾಳೆ, ಹೇಗೆ ಅಂದ್ರು ಅಂತ ಒಂದ್ ಮಾತೂ ತಂದಿಲ್ಲ, ಅವ್ರು ಹೇಳಿದ್ದಾದ್ರೆ ತರ್ತಿದ್ಲು ಅಂತ.”

“ಮತ್ಯಾಕೆ ತೆಗೆಸಿದ್ರು?”

“ನಾನೂ ಕೇಳ್ದೆ. ಅಮ್ಮಂದು ಕತೆ ಅಂದ್ರೆ ಮಗಳ್ದೂ ಕತೆ, ಅವ್ಳು ಬೇಡ ಅಂದ್ಲಲ್ಲ, ಸಾಕು ಅಂದ್ರು.” ಸೆಲ್ವಿ ಸೆರಗಿನಿಂದ ಕೈ ಒರೆಸಿಕೊಂಡಳು. “ಮೂರು ದಿನ ಅನ್ನ ಸರಿಯಾಗಿ ತಿಂದಿಲ್ಲ ಆಮೇಲೆ. ಅದ್ನ ನಿಮ್ಗೆ ಹೇಳ್‌ಬೇಡ ಅಂದಿದ್ರು.”

ಆ ಭಾನುವಾರ ಊರಿಗೆ ಹೋದೆ. ಅವ್ವ ಬಿಸಿಲಲ್ಲಿ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಅವಳ ಪಕ್ಕ ಕೂತು ಪುಸ್ತಕ ತೆಗೆದು ಎಲ್ಲ ಹೇಳಿದೆ. ಟೀಚರಿಗೆ ಹೇಳಿದ್ದು, ಅವರು ಬರೆದದ್ದು, ಬ್ಯಾಗಿನಲ್ಲಿ ಪ್ರಿಂಟ್ ಇಟ್ಟುಕೊಂಡು ಎರಡು ದಿನ ಓಡಾಡಿದ್ದು, ಅವಳ ಹೆಸರಲ್ಲಿ ಸುಳ್ಳು ಹೇಳಿದ್ದು. ಅವ್ವ ಕಾಳು ಹಿದುಕುತ್ತಲೇ ಕೇಳಿದಳು.

“ನನ್ನ ಒಂದ್ ಮಾತು ಕೇಳ್ಬೋದಾಗಿತ್ತು” ಎಂದಳು.

“ಅಪ್ಪ ಡೈರೀಲಿ ಓದ್ತೀನಿ ಅಂತಿದ್ನಲ್ಲ.”

“ಓದ್ಲಿ. ಅವ್ರಿಗೆ ಗೊತ್ತಿರ್ನಿಲ್ವ? ಆಸ್ಪತ್ರೆಗೆ ಎರಡು ಸೀರೆ ತಗಂಡು ಯಾರ್ ಹೋಯ್ತಾರೆ? ಬಂದ್ಮೇಲೆ ಚೀಲ ಬಿಚ್ಚಿ ಸೀರೆ ಎತ್ತಿಟ್ಟೋರು ಅವ್ರೇ.”

ನಾನು ಅವಳ ಮುಖ ನೋಡಿದೆ. ಅವಳು ಕಾಳಿನ ಸಿಪ್ಪೆ ಬದಿಗೆ ಸರಿಸಿದಳು.

“ಏನ್ ಬರ್ದಿದ್ರು, ಹೇಳು.”

ನೆನಪಿದ್ದಷ್ಟು ಹೇಳಿದೆ. ಚೆಕ್‌ಪೋಸ್ಟು, ಟೀ ಅಂಗಡಿ, ಲಂಗದ ಅಂಚು ನೆನಪಾಗಿ ಎದ್ದದ್ದು.

“ನಿನ್ನ ನೆನ್ಸ್ಕಂಡು ಬಂದೆ ಅಂತ ಯಾರ್ ಹೇಳಿದ್ದು?”

“ನಾನೇ.”

“ನಾನು ಹಂಗಂದಿರ್ನಿಲ್ಲ.”

“ಹೌದು. ನಾನೇ ಸೇರಿಸ್ದೆ.”

ಅವ್ವ ಹ್ಞೂಂ ಎಂದಳು. “ಮುಂದಕ್ಕೆ ಬಸ್ ಹೋಗ್ನಿಲ್ಲ. ಕಂಡಕ್ಟ್ರು ವಾಪಸ್ ಹೋಗೋರು ಹತ್ಕಳಿ ಅಂದ. ಹತ್ತಿದೆ. ಅಷ್ಟೆಯ. ಹೋಗಿದ್ರೆ ಹೋಗೇಬಿಡ್ತಿದ್ದೆ.” ಒಂದು ಕಾಳು ಜಾರಿ ಬಿತ್ತು, ಎತ್ತಿ ಬಟ್ಟಲಿಗೆ ಹಾಕಿದಳು. “ಬಂದ್ಮೇಲೆ ನೀನು ಬಾಗ್ಲಲ್ಲಿದ್ದೆ. ಆಮೇಲೆ ಹೋಗ್ನಿಲ್ಲ. ಬರಿಯದಾದ್ರೆ ಹಂಗ್ ಬರಿ.”

ಪೆನ್ನು ತಂದೆ. ಖಾಲಿ ಪುಟಗಳಲ್ಲಿ ಮೊದಲನೆಯದನ್ನು ತೆರೆದು, ಅವಳು ಹೇಳಿದ್ದನ್ನು ಹೇಳಿದಂತೆ ಬರೆದೆ. ಓದಿ ತೋರಿಸಿದೆ. ಅರ್ಧ ಪುಟವೂ ಆಗಲಿಲ್ಲ.

ಅವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಪುಸ್ತಕ ತೆಗೆದುಕೊಂಡು ಉಳಿದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

“ಇಷ್ಟೂ ಅವ್ರು ನನ್ ಬಗ್ಗೆನೇ ಬರ್ದಿದ್ರ?”

“ಹ್ಞೂಂ. ಹದಿನಾಲ್ಕು ಪುಟ.”

“ಚೆನ್ನಾಗಿತ್ತಾ?”

“ಬಹಳ ಚೆನ್ನಾಗಿತ್ತು ಅವ್ವಾ. ಅವ್ರು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು.”

“ಸುಳ್ಳೋ ನಿಜವೋ, ಇರ್ಲಿ” ಎಂದಳು ಅವ್ವ. “ಅಷ್ಟು ಚೆನ್ನಾಗಿದ್ದನ್ನ ಯಾಕ್ ಅಳಿಸ್ದೆ ಮತ್ತೆ? ನಾನು ಓದ್ತಿದ್ದೆ.”